ದೀಪ ಶಾಂತ ಮಾಡಿ ಹೊರಡೋಣ



ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಆರಂಭವಾಗುತ್ತದೆ. ನಸುಕಿನಲ್ಲೆದ್ದು ಪೂಜೆ, ಹುಗ್ಗಿಯ ನೈವೇದ್ಯ, ಆಮೇಲೆ ಆಫೀಸಿಗೆ ಓಟ. ಮಕ್ಕಳಿಗೆ ರಜೆ, ಊರಿಂದ ಬಂದ ಹಿರಿಯರು, ಸಂಕ್ರಾಂತಿಯವರೆಗೂ ಮನೆ ತುಂಬ ಜನ. ದೀಪ, ಒಲೆ, ಅಲಂಕಾರದ ಲೈಟು ಎಲ್ಲವೂ ಹೆಚ್ಚು ಉರಿಯುವುದು ಈ ತಿಂಗಳಲ್ಲೇ.

ಊರಿನ ದೇವರ ಕೋಣೆಗೆ ಕಲ್ಲಿನ ನೆಲ, ಎತ್ತರದ ಮಾಡು. ಇಲ್ಲಿನ ಫ್ಲಾಟಿನಲ್ಲಿ ದೇವರಿಗೆ ಸಿಗುವುದು ಕಪಾಟಿನ ಒಂದು ಖಾನೆ ಅಥವಾ ಗೋಡೆಗೆ ತೂಗಿಸಿದ ಮರದ ಮಂಟಪ. ಹಿಂದೊಮ್ಮೆ ನಾವು ದೀಪ ಹಾಗೇ ಬಿಟ್ಟು ದೇವಸ್ಥಾನಕ್ಕೆ ಹೋಗಿ ಬಂದಾಗ ಮೇಲಿನ ಹಲಗೆ ಅಂಗೈಯಗಲ ಕಪ್ಪಾಗಿ ಹೊಗೆಯಾಡುತ್ತಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತೋ! ದೀಪ ಆರಿಸುವುದು ಅಶುಭ ಎಂಬ ಅಳುಕು ಅಂದು ನಮ್ಮನ್ನು ತಡೆದಿತ್ತು. ಆದರೆ ನಮ್ಮ ಅಜ್ಜಿಯರು "ಆರಿಸು" ಎನ್ನದೆ "ಶಾಂತ ಮಾಡು" ಎನ್ನುತ್ತಿದ್ದರಲ್ಲವೇ? ಬಾಯಿಂದ ಊದದೆ, ಹೂವಿನಿಂದ ಬತ್ತಿಯನ್ನು ಎಣ್ಣೆಯೊಳಗೆ ಜಾರಿಸುತ್ತಿದ್ದರು. ಮಲಗುವ ಮುನ್ನ, ಹೊರಡುವ ಮುನ್ನ ನಾವೂ ಹಾಗೇ ಮಾಡಬಹುದು. ನಂದಾದೀಪ ಬೇಕೇ ಬೇಕೆನ್ನುವವರಿಗೆ ಬ್ಯಾಟರಿ ದೀಪವಿದೆ. ದೇವರು ಮುನಿಸಿಕೊಳ್ಳುವನೆಂದು ನಮಗನಿಸದು.

ಇನ್ನೊಂದು ಮಾತು, ಸ್ವಲ್ಪ ಕಟುವಾಗಿಯೇ ಹೇಳುತ್ತೇವೆ. ಒಗ್ಗರಣೆಯ ಘಾಟಿಗೆ, ಧೂಪಕ್ಕೆ, ಹೋಮಕ್ಕೆ ಕೂಗುತ್ತದೆಂದು ಸ್ಮೋಕ್ ಡಿಟೆಕ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ ಮನೆಗಳನ್ನು ಕಂಡಿದ್ದೇವೆ. ಪೂಜೆ ಮುಗಿದು ಪ್ರಸಾದ ಹಂಚಿಯಾದರೂ ಚೀಲ ಅಲ್ಲೇ ಇರುತ್ತದೆ. ರಾತ್ರಿ ಎಲ್ಲರೂ ಮಲಗಿದಾಗ ಎಚ್ಚರವಾಗಿರುವುದು ಅದೊಂದೇ. ಕಿಟಕಿ ತೆರೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ. ಅದರ ಬಾಯಿ ಮಾತ್ರ ಕಟ್ಟಬೇಡಿ.

2015ರ ಡಿಸೆಂಬರ್ 31ರ ರಾತ್ರಿ ದುಬೈನ ಅಡ್ರೆಸ್ ಡೌನ್‌ಟೌನ್ ಹೋಟೆಲ್ ಹೊತ್ತಿ ಉರಿದದ್ದು ಹಲವರಿಗೆ ನೆನಪಿರಬಹುದು. 14 ಮತ್ತು 15ನೇ ಮಹಡಿಗಳ ನಡುವಿನ ಒಂದು ಸ್ಪಾಟ್‌ಲೈಟಿನ ವೈರಿನಲ್ಲಿ ಆದ ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಪೊಲೀಸರು ನಂತರ ತಿಳಿಸಿದರು. ಅಷ್ಟು ದೊಡ್ಡ ಕಟ್ಟಡಕ್ಕೆ ಒಂದು ಲೈಟು ಸಾಕಾಯಿತು. ನಮ್ಮ ಬಾಲ್ಕನಿಯಲ್ಲೋ, ಊರಿಂದ ತಂದ ಎರಡು ಪಿನ್ನಿನ ಸೀರಿಯಲ್ ಸೆಟ್ಟನ್ನು ಇಲ್ಲಿನ ಮೂರು ಪಿನ್ನಿನ ಸಾಕೆಟ್ಟಿಗೆ ಪೆನ್ನಿನ ತುದಿ ಒತ್ತಿ ತೂರಿಸುತ್ತೇವೆ! ಪಿನ್ನು ಸಡಿಲವಾಗಿ ಕೂತರೆ ಅಲ್ಲೇ ಬಿಸಿ ಹುಟ್ಟುತ್ತದೆ. ಒಳ್ಳೆಯ ಅಡಾಪ್ಟರಿಗೆ ಕೆಲವೇ ದಿರ್ಹಂ. 13 ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡ್ ಒಟ್ಟು ಸುಮಾರು 3000 ವ್ಯಾಟ್ ತಡೆಯಬಲ್ಲದು. ರೂಮ್ ಹೀಟರ್, ಕೆಟಲ್ ಎರಡನ್ನೂ ಒಂದೇ ಬೋರ್ಡಿಗೆ ಹಾಕಿದರೆ ಅದು ಮುಗಿದೇಹೋಗುತ್ತದೆ. ಬಾಲ್ಕನಿಯಲ್ಲಿ ಹಣತೆ ಇಡುವವರು ಒಣಗಿದ ಬಟ್ಟೆ, ರಟ್ಟಿನ ಪೆಟ್ಟಿಗೆಗಳನ್ನು ಮೊದಲು ಒಳಗೆ ತನ್ನಿ.

ಚಕ್ಕುಲಿ, ಕೋಡುಬಳೆ ಕರಿಯುವಾಗ ಫೋನ್ ಬಂದರೆ ಒಲೆ ಆರಿಸಿಯೇ ಹೋಗಿ. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು, ಉರಿಯುವ ಎಣ್ಣೆ ಸಿಡಿದು ಹರಡುತ್ತದೆ. ಗ್ಯಾಸ್ ನಿಲ್ಲಿಸಿ, ದೊಡ್ಡ ಮುಚ್ಚಳವನ್ನು ಮೇಲೆ ಸರಿಸಿ, ತಣಿಯುವವರೆಗೆ ತೆಗೆಯಬೇಡಿ.

ಬೆಂಕಿ ಕೈಮೀರಿತೆನಿಸಿದರೆ ಎಲ್ಲರೂ ಹೊರಬಂದು, ಬಾಗಿಲು ಎಳೆದುಕೊಂಡು, ಸಿವಿಲ್ ಡಿಫೆನ್ಸಿನ 997ಕ್ಕೆ ಕರೆ ಮಾಡಿ. ಗಾಬರಿಯಲ್ಲಿ ವಿಳಾಸ ನೆನಪಾಗದು. ದುಬೈಯಲ್ಲಿರುವವರು ಕಟ್ಟಡದ ಬಾಗಿಲ ಬಳಿಯ ಹತ್ತು ಅಂಕಿಯ ಮಕಾನಿ ಸಂಖ್ಯೆಯನ್ನು ಮಕ್ಕಳಿಂದಲೇ ಬರೆಸಿ ಫ್ರಿಜ್ ಮೇಲೆ ಅಂಟಿಸಿ. ಊರಿಂದ ಬಂದ ಅತ್ತೆ-ಮಾವ, ಅಪ್ಪ-ಅಮ್ಮನಿಗೆ ಒಂದು ಸಂಜೆ ಮೆಟ್ಟಿಲಿನ ದಾರಿ ತೋರಿಸಿ. ಅವರಿಗೆ ಗೊತ್ತಿರುವುದು ಲಿಫ್ಟ್ ಮಾತ್ರ.