ಸ್ವತಂತ್ರ ಪಕ್ಷ ಮತ್ತು ಮಧ್ಯಮ ವರ್ಗ: ಪರೀಕ್ಷಾ ಟಿಪ್ಪಣಿ

1. ಸ್ಥಾಪನೆ: 1959, ಮದ್ರಾಸ್. ಸ್ಥಾಪಕರು ಸಿ. ರಾಜಗೋಪಾಲಾಚಾರಿ (ರಾಜಾಜಿ), ಮೊದಲ ಅಧ್ಯಕ್ಷ ಎನ್.ಜಿ. ರಂಗಾ, ಪ್ರಧಾನ ಕಾರ್ಯದರ್ಶಿ ಮಿನೂ ಮಸಾನಿ. ಚುನಾವಣಾ ಚಿಹ್ನೆ: ನಕ್ಷತ್ರ.

2. ತಕ್ಷಣದ ಕಾರಣ: ಸಹಕಾರಿ ಬೇಸಾಯ ಕುರಿತ ಕಾಂಗ್ರೆಸ್‌ನ ನಾಗಪುರ ನಿರ್ಣಯ (1959). ಆಕ್ಷೇಪದ ಘೋಷವಾಕ್ಯ: 'ಪರ್ಮಿಟ್-ಲೈಸೆನ್ಸ್ ರಾಜ್' (ಉದ್ಯಮದ ಮೇಲೆ ಸರ್ಕಾರಿ ಪರವಾನಗಿಗಳ ನಿಯಂತ್ರಣ).

3. ಸಂಶೋಧನೆ: ಇತಿಹಾಸಕಾರ ಆದಿತ್ಯ ಬಾಲಸುಬ್ರಮಣಿಯನ್ ಅವರ 'ಟುವರ್ಡ್ ಎ ಫ್ರೀ ಎಕಾನಮಿ' (2023).
- ಪಕ್ಷವನ್ನು 'ರಾಜರ, ಉದ್ಯಮಿಗಳ ಕೂಟ' ಎಂದಷ್ಟೇ ಬರೆದರೆ ಉತ್ತರ ಅಪೂರ್ಣ. ದಕ್ಷಿಣ ಮತ್ತು ಪಶ್ಚಿಮ ಭಾರತದ ಭೂಮಾಲೀಕ ಸಮುದಾಯಗಳು, ನಗರದ ಮಧ್ಯಮ ವರ್ಗ 'ಮುಕ್ತ ಅರ್ಥವ್ಯವಸ್ಥೆ'ಯ ಕಲ್ಪನೆ ಬೆಳೆಸಿದವು. ವಿವರಣಾತ್ಮಕ ಪ್ರಶ್ನೆಗೆ ಇದೇ ತಿರುಳು.
- ಈ ವಿಚಾರ ಹರಡಿದ್ದು ನಿಯತಕಾಲಿಕೆಗಳಿಂದ. ಉದಾ: 'ಸ್ವರಾಜ್ಯ' (ಆರಂಭ 1956), ರಾಜಾಜಿ ಇದರ ಪ್ರಮುಖ ಲೇಖಕರು.

4. ಲೋಕಸಭಾ ಸ್ಥಾನ: 1962ರಲ್ಲಿ 18, 1967ರಲ್ಲಿ 44, 1971ರಲ್ಲಿ 8.

5. 1967: ಒರಿಸ್ಸಾದಲ್ಲಿ ಆರ್.ಎನ್. ಸಿಂಗ್ ದೇವ್ ಮುಖ್ಯಮಂತ್ರಿ (ಜನ ಕಾಂಗ್ರೆಸ್ ಜೊತೆ ಮೈತ್ರಿ). ಗುಜರಾತಿನಲ್ಲಿ ಪ್ರಮುಖ ವಿರೋಧ ಪಕ್ಷ.

6. ಗೊಂದಲ ಬೇಡ:
- ಸ್ವರಾಜ್ ಪಕ್ಷ: 1923, ಸಿ.ಆರ್. ದಾಸ್, ಮೋತಿಲಾಲ್ ನೆಹರೂ.
- ಜನಸಂಘ: 1951, ಶ್ಯಾಮಾಪ್ರಸಾದ್ ಮುಖರ್ಜಿ. ಜನಸಂಘ, ಸ್ವತಂತ್ರ ಎರಡನ್ನೂ ಬಲಪಂಥೀಯ ಎನ್ನುತ್ತಾರೆ. ಆದರೆ ಸ್ವತಂತ್ರದ ಒತ್ತು ಆರ್ಥಿಕ ಸ್ವಾತಂತ್ರ್ಯ, ಆಸ್ತಿ ಹಕ್ಕಿನ ಮೇಲೆ. ಅಭ್ಯರ್ಥಿಗಳು ಹೆಚ್ಚು ಎಡವುವುದು ಇಲ್ಲೇ.

7. ಅಂತ್ಯ: 1974ರಲ್ಲಿ ಚರಣ್ ಸಿಂಗ್ ನೇತೃತ್ವದ ಭಾರತೀಯ ಲೋಕದಳದಲ್ಲಿ ವಿಲೀನ.