ಹಾಲಿನ ಗಾಡಿ ದಾರಿಯಲ್ಲಿ ನಿಲ್ಲುತ್ತಿದೆಯೇ? ಮೊದಲು ಡೀಸೆಲ್ ಬರುವ ದಾರಿ ನೋಡಿ



ನಸುಕಿನಲ್ಲೇ ಎದ್ದು ಕೊಟ್ಟಿಗೆ ಗುಡಿಸಿ, ಕೆಚ್ಚಲು ತೊಳೆದು, ಕರೆದ ಹಾಲನ್ನು ಸಂಘಕ್ಕೆ ಹಾಕಿರುತ್ತೀರಿ. ಆ ಕ್ಯಾನುಗಳನ್ನು ಹೊತ್ತ ಹಳೆಯ ಗಾಡಿ ಅರ್ಧ ದಾರಿಯಲ್ಲಿ ಪದೇ ಪದೇ ನಿಂತರೆ ನಷ್ಟ ಊರಿಗೆಲ್ಲ. ಬೆಚ್ಚಗಿನ ಹಾಲಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20-30 ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತವೆ. ತಡವಾದಷ್ಟೂ ಹಾಲು ಹುಳಿಯಾಗುತ್ತದೆ.

ಗಾಡಿ ನಿಂತ ಕೂಡಲೇ "ಪಂಪು ಹೋಗಿದೆ" ಎಂಬ ಮಾತು ಬರುತ್ತದೆ. ಪಂಪಿನ ರಿಪೇರಿ ದುಬಾರಿ. ಖರ್ಚಿಗೆ ಒಪ್ಪುವ ಮೊದಲು ನೀವು ಕೇಳಬೇಕಾದ ಪ್ರಶ್ನೆ ಒಂದಿದೆ: ಗಾಡಿ ಯಾವಾಗ ನಿಲ್ಲುತ್ತದೆ? ಹಸು ಮೇವು ಬಿಟ್ಟಾಗ ವೈದ್ಯರು "ಯಾವಾಗಿನಿಂದ? ಸಗಣಿ ಹೇಗಿದೆ?" ಎಂದು ಕೇಳಿಯೇ ಔಷಧಿ ಕೊಡುತ್ತಾರಲ್ಲವೇ? ಇದೂ ಹಾಗೆಯೇ.

ಡೀಸೆಲ್ ಬರುವ ದಾರಿ

ಹಳೆಯ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಫೀಡ್ ಪಂಪು ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರಿಗೆ ತಳ್ಳುತ್ತದೆ. ಅಲ್ಲಿ ಸೋಸಿದ ಡೀಸೆಲ್ ದೊಡ್ಡ ಪಂಪಿಗೆ, ಅಲ್ಲಿಂದ ನಾಝಲ್‌ಗಳಿಗೆ ಹೋಗುತ್ತದೆ. ಈ ದಾರಿಯಲ್ಲಿ ಕಸ, ನೀರು ಅಥವಾ ಗಾಳಿ ಸೇರಿದರೆ ಎಂಜಿನ್ ಎಳೆತ ಕಳೆದುಕೊಂಡು, ಮುಗ್ಗರಿಸಿ ನಿಲ್ಲುತ್ತದೆ.

ಲಕ್ಷಣ ನೋಡಿ ಕಾರಣ ತಿಳಿಯಿರಿ

1. ಖಾಲಿ ಬರುವಾಗ ಸರಿ, ಲೋಡ್ ಹೊತ್ತು ಏರು ಹತ್ತುವಾಗ ನಿಲ್ಲುತ್ತದೆ: ಫಿಲ್ಟರ್ ಕಟ್ಟಿರಬಹುದು. ಮೊದಲು ಅದನ್ನು ಬದಲಾಯಿಸಿ.

2. ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ: ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಸಿ. 'ಸುಯ್' ಎಂದು ಗಾಳಿ ಒಳಗೆ ನುಗ್ಗಿದರೆ ಗಾಳಿಯಾಡುವ ತೂತು ಮುಚ್ಚಿದೆ ಎಂದರ್ಥ. ಅದನ್ನು ಸ್ವಚ್ಛ ಮಾಡಿದರೆ ಸಾಕು. ಸದ್ದು ಬಾರದಿದ್ದರೆ ಟ್ಯಾಂಕಿನೊಳಗಿನ ಜಾಲರಿಗೆ ಕಸ ಕಟ್ಟಿದೆಯೇ ನೋಡಿಸಿ.

3. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸತಾಯಿಸುತ್ತದೆ, ಸ್ಟಾರ್ಟ್ ಆದರೂ ಆರಿಹೋಗುತ್ತದೆ: ಗಾಳಿ ಎಳೆಯುತ್ತಿರಬಹುದು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ರಬ್ಬರ್ ಪೈಪು, ಕ್ಲಾಂಪು, ವಾಷರ್ ನೋಡಿಸಿ. ಈ ಭಾಗದಲ್ಲಿ ಡೀಸೆಲ್ ಹೊರಗೆ ತೊಟ್ಟಿಕ್ಕದಿದ್ದರೂ ಗಾಳಿ ಒಳಗೆ ಹೋಗಬಲ್ಲದು.

4. ಮಳೆಗಾಲದಲ್ಲಿ ಅಥವಾ ಡ್ರಮ್ಮಿನ ಡೀಸೆಲ್ ಹಾಕಿದ ಮೇಲೆ ತೊಂದರೆ ಶುರುವಾಯಿತು: ಫಿಲ್ಟರಿನ ತಳದ ತಿರುಪು ಬಿಚ್ಚಿಸಿ, ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಂತರೆ ವೈರಿಂಗ್ ಕೂಡ ನೋಡಿಸಿ.

ಏರ್ ತೆಗೆಯುವುದು

ಎಂಜಿನ್ ನಿಲ್ಲಿಸಿ, ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾರೆ. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಸ್ಕ್ರೂ ಬಿಗಿ ಮಾಡಬೇಕು. ಮರುದಿನವೇ ಮತ್ತೆ ಗಾಳಿ ಸೇರಿದರೆ ತೂತು ಇನ್ನೂ ಇದೆ. ದಿನಾ ಏರ್ ತೆಗೆಯುವುದು ಪರಿಹಾರವಲ್ಲ, ತೂತು ಹುಡುಕಿಸಿ. ಇದೆಲ್ಲ ಸರಿಯಿದ್ದೂ ಗಾಡಿ ನಿಂತರೆ ಆಗ ಪಂಪಿನ ಮಾತು.

ಎಚ್ಚರಿಕೆ

• ಎಂಜಿನ್ ಓಡುವಾಗ ನಾಝಲ್ ಪೈಪು ಬಿಚ್ಚಬಾರದು, ಸೋರುವ ಕಡೆ ಬೆರಳಿಡಬಾರದು. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ನುಗ್ಗುತ್ತದೆ.
• ಬಾಯಿಂದ ಡೀಸೆಲ್ ಎಳೆಯಬಾರದು. ಬೀಡಿ, ಬೆಂಕಿ ದೂರವಿರಲಿ.
• ಡೀಸೆಲ್ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕ್ಯಾನ್ ಮುಟ್ಟಬಾರದು. ಹಾಲು ವಾಸನೆಯನ್ನು ಬೇಗ ಹಿಡಿಯುತ್ತದೆ.
• ಎಲೆಕ್ಟ್ರಾನಿಕ್ ವ್ಯವಸ್ಥೆಯ ಹೊಸ ಗಾಡಿಗಳನ್ನು ವರ್ಕ್‌ಶಾಪಿಗೇ ಒಯ್ಯಿರಿ.

ಗಾಡಿ ನಿಂತ ತಕ್ಷಣ ಕಾರ್ಯದರ್ಶಿಗೆ ಫೋನ್ ಮಾಡಿ ಬದಲಿ ಗಾಡಿ ಕರೆಸಿ. ಅದು ಬರುವವರೆಗೆ ಕ್ಯಾನುಗಳನ್ನು ನೆರಳಿಗಿಟ್ಟು ಒದ್ದೆ ಗೋಣಿಚೀಲ ಹೊದಿಸಿ.

ಸಂಘದಲ್ಲಿ ಗಾಡಿಗೊಂದು ನೋಟ್‌ಬುಕ್ ಇಡಿ. ನಿಂತ ದಿನ, ಜಾಗ, ಏರೋ ಸಮತಟ್ಟೋ, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್ ಆಯಿತು ಎಂದು ಚಾಲಕರಿಂದ ಕೇಳಿ ಬರೆಸಿ. ಮುಂದಿನ ಸಭೆಯಲ್ಲಿ ರಿಪೇರಿ ಬಿಲ್ ಬಂದಾಗ ಆ ಪುಸ್ತಕ ತೆರೆದು ನೋಡಿ, ಆಮೇಲೆ ಸಹಿ ಹಾಕಿ.