ಜ್ವರಕ್ಕೆ ಕೂತ ಹುಳು, ಗಿಡದ ಕೆಳಗೆ ಮಲಗಿದ ಎಲೀಯ

ಓದುವ ಭಾಗ: 1 ಅರಸುಗಳು 19:1-8



ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನಿಮಗೆಲ್ಲ ಗೊತ್ತು. ಆದರೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗೋ ನಿಮ್ಮಲ್ಲಿ ಎಷ್ಟು ಜನ ಹುಳು ಸಾಕೋ ಮನೆಯೊಳಗೆ ಹೋಗಿ ನೋಡಿದ್ದೀರಿ? ಕನಕಪುರ, ಮಾಗಡಿ, ಚನ್ನಪಟ್ಟಣದ ಹಳ್ಳಿಗಳಲ್ಲಿ ಕೇಳಿ. ಹುಳು ಗೂಡು ಕಟ್ಟೋ ಮೊದಲು ನಾಲ್ಕು ಸಲ ‘ಜ್ವರಕ್ಕೆ ಕೂರುತ್ತೆ’ ಅಂತಾರೆ. ಸೊಪ್ಪು ತಿನ್ನಲ್ಲ. ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತೆ. ಗೊತ್ತಿಲ್ಲದವರು ನೋಡಿದರೆ ಸತ್ತೇಹೋಯ್ತು ಅಂದ್ಕೋಬೇಕು. ಆದರೆ ಅದು ಹಳೇ ಚರ್ಮ ಕಳಚೋ ಸಮಯ. ರೈತ ಆಗ ಸೊಪ್ಪು ಹಾಕಲ್ಲ, ಹುಳುವನ್ನು ಮುಟ್ಟಲ್ಲ. ಹಾಸಿಗೆ ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸಿ ಕಾಯ್ತಾನೆ.

ಎಲೀಯನನ್ನು ನೋಡಿರಿ. ಕರ್ಮೆಲಿನಲ್ಲಿ ಬೆಂಕಿ ಇಳಿದದ್ದನ್ನು ಕಂಡವನು, ಈಜೆಬೆಲಳ ಒಂದು ಬೆದರಿಕೆಗೆ ಅಡವಿಗೆ ಓಡಿದನು. ಸಾಯಬೇಕೆಂದು ಕೇಳಿಕೊಂಡು ಗಿಡದ ಕೆಳಗೆ ಮಲಗಿದನು. ದೇವರು ಅವನನ್ನು ಗದರಿಸಿದರಾ? ಇಲ್ಲ! ದೂತನು ಬಂದು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ತಿಂದು ಮತ್ತೆ ಮಲಗಿದಾಗಲೂ ಬೈಯಲಿಲ್ಲ. ಎರಡನೇ ಸಾರಿ ಬಂದು ಎಬ್ಬಿಸಿದನು. ಆ ಊಟದ ಬಲದಿಂದಲೇ ಅವನು 40 ದಿನ ನಡೆದು ಹೋರೇಬಿಗೆ ಹೋದನು.

ಪ್ರಿಯರೇ, ಕೆಲಸ ಹೋದ ತಮ್ಮನಿಗೆ, ತಾಯಿಯನ್ನು ಕಳಕೊಂಡ ತಂಗಿಗೆ ನಾವು ಏನು ಹೇಳ್ತೀವಿ? ‘ನಿನಗೆ ವಿಶ್ವಾಸ ಕಡಿಮೆ, ಇನ್ನೂ ಉಪವಾಸ ಮಾಡು.’ ದೇವರು ರೊಟ್ಟಿ ಕೊಟ್ಟ ಕಡೆ ನಾವು ಹೊರೆ ಹೊರಿಸುತ್ತೇವೆ. ಮೊದಲು ಅವರ ಜೊತೆ ಕೂತು ಊಟ ಮಾಡಿ.

ನೀವೇ ಆ ಗಿಡದ ಕೆಳಗೆ ಇದ್ದೀರಾ? ಆರಾಧನೆಯಲ್ಲಿ ಕೈ ಎತ್ತಿದರೂ ಒಳಗೆ ಒಣಗಿದೆಯಾ? ಹೆದರಬೇಡಿ. ಈ ವಾರ ಮೂರು ಕೆಲಸ ಮಾಡಿ. ಸರಿಯಾಗಿ ನಿದ್ದೆ ಮಾಡಿ. ದಿನಕ್ಕೆ ಒಂದೇ ಕೀರ್ತನೆ ಓದಿ. ನಂಬಿಗಸ್ತರಾದ ಒಬ್ಬರಿಗೆ ನಿಜ ಹೇಳಿ. ಸಾಯಬೇಕು ಅನ್ನೋ ಯೋಚನೆ ಬರ್ತಿದ್ದರೆ ಇವತ್ತೇ ಹೇಳಿ, ಡಾಕ್ಟರನ್ನೂ ನೋಡಿ. ಅದು ಅವಿಶ್ವಾಸ ಅಲ್ಲ.

ಇನ್ನೊಂದು ಮಾತು. ನಾಲ್ಕನೇ ಜ್ವರದಿಂದ ಎದ್ದ ಹುಳು ಸುಮ್ಮನಿರಲ್ಲ. ತನ್ನ ಇಡೀ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಸುಮಾರು 80 ಭಾಗ ಆಗಲೇ ತಿನ್ನುತ್ತೆ. ರೇಷ್ಮೆ ಬರೋದು ಆ ಸೊಪ್ಪಿನಿಂದ. ಆದ್ದರಿಂದ ಪವಿತ್ರಾತ್ಮನು ತಟ್ಟಿ ಎಬ್ಬಿಸಿದಾಗ ಮಲಗೇ ಇರಬೇಡಿ. ಎದ್ದು ವಾಕ್ಯವನ್ನು ಹೊಟ್ಟೆ ತುಂಬ ತಿನ್ನಿರಿ.

ಪ್ರಾರ್ಥಿಸೋಣ: ಕರ್ತನೇ, ದಣಿದವರನ್ನು ಮುಟ್ಟು. ಅವರನ್ನು ಅವಸರಪಡಿಸದಂತೆ ನಮ್ಮನ್ನು ಕಾಪಾಡು. ಆಮೆನ್.